ಹಿಟ್ಟು ಮೆತ್ತಿದ ಕ್ಯಾಸೆಟ್

ಆ ಹಾಡುಗಳ ಒಂದು ಶಬ್ದವೂ ನನಗೆ ತಿಳಿಯುತ್ತಿರಲಿಲ್ಲ. ಈಗಲೂ ತಿಳಿಯುವುದಿಲ್ಲ. ಒಬ್ಬ ಗಂಡಸು ಬಸ್ಸು ತಪ್ಪುತ್ತದೆ ಎನ್ನುವವನ ಹಾಗೆ ಗಡಬಡಿಸಿ ಮಾತಾಡುತ್ತಾನೆ. ಅವನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಒಬ್ಬ ಹೆಂಗಸು ಮಾಳಿಗೆಯ ಮೇಲೆ ನಿಂತು ಯಾರನ್ನೋ ಕರೆದ ಹಾಗೆ ಎತ್ತರದ ದನಿಯಲ್ಲಿ ಹಾಡುತ್ತಾಳೆ. ಕೆಳಗೆ ಒಂದೇ ಸಮನೆ ಪೆಟ್ಟು. ಧಪ್ ಧಪ್ ಧಪ್ ಧಪ್. ನನಗೆ ಗೊತ್ತಾದದ್ದು ಆ ಪೆಟ್ಟು ಒಂದೇ, ಯಾಕೆಂದರೆ ನಾನು ರೊಟ್ಟಿ ಬಡಿಯುವವಳು.

ಪುಣೆಯ ಹಡಪಸರದಲ್ಲಿ ಒಂದು ಕಾರ್ಖಾನೆಯ ಗೋಡೆಗೆ ಆತುಕೊಂಡು ತಗಡಿನ ಖೋಲಿಗಳ ಸಾಲು ಇತ್ತು. ಮೂರನೆಯದು ನಮ್ಮದು. ವಿಜಾಪುರದ ಆಚೆಯ ಊರು ಬಿಟ್ಟು ಬಂದವರು ನಾವು. ಮನೆಯವರದು ಗೌಂಡಿ ಕೆಲಸ. ನಾನೂ ಮೊದಮೊದಲು ಕಟ್ಟಡಗಳಲ್ಲಿ ಬುಟ್ಟಿ ಹೊತ್ತೆ. ಸೊಂಟ ಹಿಡಿದ ಮೇಲೆ ಅದನ್ನು ಬಿಟ್ಟು ಒಂದು ಖಾನಾವಳಿಗೆ ಜೋಳದ ರೊಟ್ಟಿ ಮಾಡಿ ಕೊಡತೊಡಗಿದೆ. ಮುಂಜಾನೆ ಎದ್ದರೆ ಮಧ್ಯಾಹ್ನದವರೆಗೂ ಕೈ ಹಿಟ್ಟು ನಾದುವ ಕೊಣಮಿಗೆ ಬಿಟ್ಟು ಏಳುತ್ತಿರಲಿಲ್ಲ. ಒಬ್ಬಳೇ ಮಗಳು.

ತೊಂಬತ್ತರ ದಶಕದ ನಡುವಿನ ಮಾತು. ಮಗಳಿಗೆ ಹದಿನೇಳು ತುಂಬಿದಾಗ ಗಾರ್ಮೆಂಟಿಗೆ ಹೋದಳು. ಹೊಲಿದು ಬಂದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ. ಪಕ್ಕದ ಖೋಲಿಯ ಮರಾಠಿ ಹುಡುಗಿಯೂ ಅದೇ ಟೇಬಲ್ಲಿಗೆ. ಇಬ್ಬರೂ ಒಂದೇ ದಾರಿ ಹಿಡಿದು ಹೋಗುವವರು, ಒಂದೇ ಡಬ್ಬಿಯಲ್ಲಿ ಉಣ್ಣುವವರು. ನನ್ನ ಮಗಳಿಗೆ ಮರಾಠಿ ಬಂತು. ಆ ಹುಡುಗಿಗೆ ಕನ್ನಡದಲ್ಲಿ ಮೊದಲು ಬೈಗುಳ ಬಂತು, ಆಮೇಲೆ ಉಳಿದದ್ದು. ನನ್ನನ್ನು ಮಾತ್ರ ಮರಾಠಿಯಲ್ಲೇ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು.

ಆ ವರ್ಷ ಗಣಪತಿಯಲ್ಲಿ ಓಣಿಯ ಮಂಡಳದವರು ಆರತಿ ಮುಗಿದೊಡನೆ ಆ ಇಂಗ್ಲಿಷ್ ಹಾಡು ಹಚ್ಚುತ್ತಿದ್ದರು. ಹತ್ತು ದಿನದಲ್ಲಿ ಓಣಿಯ ಸಣ್ಣ ಕೂಸುಗಳಿಗೂ ಬಾಯಿಪಾಠ. ಗಣಪತಿಯನ್ನು ಕಳಿಸಿ ಬಂದೆವು, ಹಾಡು ಹೋಗಲಿಲ್ಲ. ದೀಪಾವಳಿಗೆ ಇವರಿಬ್ಬರೂ ಸೇರಿ ಆ ಕ್ಯಾಸೆಟ್ಟನ್ನೇ ಕೊಂಡು ತಂದರು. ಮೇಲಿನ ಚಿತ್ರದಲ್ಲಿ ನೀಲಿ ಬೆಳಕು, ಅದರಲ್ಲಿ ಒಬ್ಬ ಗಂಡು, ಒಬ್ಬ ಹೆಣ್ಣು. ಹೆಣ್ಣಿನ ಮೈಮೇಲೆ ಬಟ್ಟೆ ಭಾಳ ಕಡಿಮೆ.

"ಈಕಿಗಿ ಅರಿವಿ ಕೊಡಸೋರು ಯಾರೂ ಇಲ್ಲೇನ?" ಎಂದೆ.

"ಅಲ್ಲಿ ಚಳಿ ಭಾಳ ಅವ್ವಾ. ಅದಕ್ಕ ಕುಣಿತಾಳ," ಎಂದಳು ಮಗಳು.

ಇಬ್ಬರ ಕ್ಯಾಸೆಟ್ಟಾದ್ದರಿಂದ ಪಾಲು ಮಾಡಿಕೊಂಡರು. ಎ ಸೈಡು ನನ್ನ ಮಗಳದು, ಬಿ ಸೈಡು ಗೆಳತಿಯದು. ಕೇಳುವುದು ಇಬ್ಬರೂ ಕೂಡಿಯೇ, ನಮ್ಮ ಖೋಲಿಯಲ್ಲಿಯೇ, ಏಕೆಂದರೆ ಟೇಪು ಇದ್ದದ್ದು ನಮ್ಮಲ್ಲಿ. ಆದರೂ ಪಾಲು ಪಾಲೇ. "ಇದು ನನ್ನ ಸೈಡು, ನೀ ಸುಮ್ನ ಕುಂದ್ರು" ಎಂದು ಕಿತ್ತಾಡುವುದು.

ರವಿವಾರ ಸುಟ್ಟಿ. ಖಾನಾವಳಿಗೆ ಸುಟ್ಟಿ ಇಲ್ಲ. ನಾನು ಒಲೆಯ ಮುಂದೆ ಕುಳಿತಿದ್ದರೆ ಇವರಿಬ್ಬರೂ ನನ್ನ ಬೆನ್ನ ಹಿಂದೆ, ನಾಲ್ಕು ಹೆಜ್ಜೆ ಜಾಗದಲ್ಲಿ ಕುಣಿಯುತ್ತಿದ್ದರು. ತಗಡು ಗಡಗಡ ಅನ್ನುತ್ತಿತ್ತು. ಒಂದು ದಿನ ಮಗಳು ಕುಣಿಯುವುದನ್ನು ನಿಲ್ಲಿಸಿ ಗೆಳತಿಯ ಕೈ ಹಿಡಿದು ಜಗ್ಗಿದಳು.

"ನೋಡ ನೋಡ. ನಮ್ಮವ್ವನ ಕೈ ನೋಡ."

ನನ್ನ ಕೈ ಹಾಡಿನ ಆ ತಾಳಕ್ಕೆ ಸರಿಯಾಗಿ ರೊಟ್ಟಿ ಬಡಿಯುತ್ತಿತ್ತು. ನನಗೇ ಗೊತ್ತಿರಲಿಲ್ಲ. ಗೊತ್ತಾದ ಕೂಡಲೇ ತಪ್ಪಿತು, ರೊಟ್ಟಿಯ ಅಂಚು ಹರಿಯಿತು.

"ಮಾವಶಿ, ನಿಮಗೂ ಬರ್ತದ!" ಎಂದಳು ಗೆಳತಿ.

"ಬರ್ತದ. ನಿಮ್ಮಿಬ್ಬರ ಬೆನ್ನ ಮ್ಯಾಲೂ ಹಿಂಗ ಬಡಿಯಾಕ ಬರ್ತದ," ಎಂದೆ.

ನಕ್ಕರು. ನಾನೂ ನಕ್ಕೆನೋ ಇಲ್ಲವೋ ನೆನಪಿಲ್ಲ. ನಕ್ಕಿರಲಿಕ್ಕಿಲ್ಲ.

ಟೇಪು ನಾವು ಹಾಡಿಗೆಂದು ತಂದದ್ದಲ್ಲ. ನಮ್ಮ ಸಾಲಿನಲ್ಲಿ ಊರಿಗೆ ಪತ್ರ ಬರೆಯುವವರು ಕಡಿಮೆ. ನಾನು ಮೂರನೆಯ ಇಯತ್ತೆಯವರೆಗೆ ಓದಿದವಳು, ಅಕ್ಷರ ಬರುತ್ತಿತ್ತು. ಆದರೆ ಊರಲ್ಲಿ ನನ್ನ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಯಾರೋ ಓದಿ ಹೇಳಬೇಕು, ಓದಿದವನು ಇಡೀ ಊರಿಗೆ ಹೇಳುತ್ತಾನೆ. ಅದಕ್ಕೇ ಎಲ್ಲರೂ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ ಕಳಿಸುತ್ತಿದ್ದೆವು. ಊರ ಕಡೆ ಹೋಗುವವರು ಸಿಕ್ಕರೆ ಸ್ವಾರಗೇಟಿನ ಬಸ್ಸಿನ ಹತ್ತಿರ ಹೋಗಿ ಕೈಗೆ ಕೊಟ್ಟು ಬರುವುದು. ಊರಲ್ಲಿ ನನ್ನ ತಮ್ಮನ ಹತ್ತಿರ ಟೇಪು ಇತ್ತು. ಅವ್ವ ಕೇಳಿ, ಅದೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ನನ್ನ ಮಾತಿನ ಮೇಲೆಯೇ ತನ್ನ ಮಾತು ತುಂಬಿ ಕಳಿಸುತ್ತಿದ್ದಳು. ಅವಳ ಮಾತು ಬಂದಲ್ಲಿ ನನ್ನದು ಅಳಿಯುತ್ತಿತ್ತು, ನಾನು ಮತ್ತೆ ತುಂಬಿದರೆ ಅವಳದು. ಒಂದೇ ಕ್ಯಾಸೆಟ್ಟು ವರ್ಷಗಟ್ಟಲೆ ಹೋಗಿ ಬರುತ್ತಿತ್ತು. ಹಳೆಯ ಮಾತು ಇಟ್ಟುಕೊಂಡು ಏನು ಮಾಡುವುದು ಎಂದೇ ನಮ್ಮ ತಿಳಿವಳಿಕೆ.

ಮಗಳನ್ನು ನನ್ನ ತಮ್ಮನಿಗೆ ಕೊಡುವುದು ಅವಳು ತೊಟ್ಟಿಲಲ್ಲಿದ್ದಾಗಲೇ ಆಡಿದ ಮಾತು. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ರೂಢಿ. ತಮ್ಮ ಕೆಟ್ಟವನಲ್ಲ, ಈಗಲೂ ಹೇಳುತ್ತೇನೆ. ಕುಡಿಯುತ್ತಿರಲಿಲ್ಲ, ಕೈ ಎತ್ತುವವನಲ್ಲ. ಮಗಳಿಗೆ ಹದಿನೆಂಟು ತುಂಬಿದ ಮೇಲೆ ಅವ್ವ ಹೇಳಿ ಕಳಿಸಿದಳು, ಈ ಬೇಸಿಗೆಯಲ್ಲೇ ಮದುವೆ, ಹೂಂ ಅಥವಾ ಊಹೂಂ ಹೇಳು ಎಂದು. ನಾವು ಗಂಡ ಹೆಂಡತಿ ಹೂಂ ಅಂದುಕೊಂಡೆವು. ಮಗಳಿಗೆ ಹೇಳಿರಲಿಲ್ಲ. ಹೇಳುವುದೇನಿದೆ, ಗೊತ್ತಿರುವ ಮಾತೇ ಎಂದುಕೊಂಡಿದ್ದೆ.

ಒಂದು ದಿನ ಮುಂಜಾನೆ ಊರಿನವರೊಬ್ಬರು ಬಾಗಿಲಲ್ಲಿ ನಿಂತು, ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೇನೆ, ಏನಾದರೂ ಕೊಡುವುದಿದ್ದರೆ ತಯಾರು ಇಡಿ ಎಂದು ಹೇಳಿ ಹೋದರು. ನಮ್ಮ ಮಾತಿನ ಕ್ಯಾಸೆಟ್ಟು ತೆಗೆದರೆ ಅದರ ರೀಲು ಒಳಗೆ ಸಿಕ್ಕಿ ಹರಿದುಹೋಗಿತ್ತು. ಮನೆಯಲ್ಲಿದ್ದದ್ದು ಹುಡುಗಿಯರ ಕ್ಯಾಸೆಟ್ಟು ಒಂದೇ. ಕಂಪನಿ ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ತೂತು ಇರುತ್ತವೆ, ಅವು ತೆರೆದಿದ್ದರೆ ಮಾತು ತುಂಬುವ ಗುಂಡಿ ಕೆಳಗೆ ಹೋಗುವುದಿಲ್ಲ. ತೂತು ಮುಚ್ಚಿದರೆ ಹೋಗುತ್ತದೆ ಎಂದು ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನ ಕೈಯಲ್ಲಿ ನಾದಿದ ಜೋಳದ ಹಿಟ್ಟಿತ್ತು. ಎರಡು ಚಿಟಿಕೆ ಹರಿದು ಎರಡೂ ತೂತಿಗೆ ಮೆತ್ತಿದೆ. ಮಗಳ ಸೈಡು ಬೇಡ ಎಂದು ಬಿ ಸೈಡು ಹಾಕಿದೆ. ಅಷ್ಟು ನ್ಯಾಯ ಮಾಡಿದೆ.

ಟೇಪನ್ನು ಒಲೆಯ ಪಕ್ಕದಲ್ಲಿ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಂಡು ಮಾತು ತುಂಬಿದೆ. ನಾವು ಒಪ್ಪಿದ್ದೇವೆ, ದಿನ ತೆಗೆಸು ಎಂದೆ. ಮಳೆಯ ಸುದ್ದಿ, ಎಮ್ಮೆಯ ಸುದ್ದಿ ಕೇಳಿದೆ. ಅಷ್ಟರಲ್ಲಿ ಮಗಳು ಊಟದ ಸುಟ್ಟಿಗೆ ಮನೆಗೆ ಬಂದಳು. ಡಬ್ಬಿ ಮರೆತು ಹೋಗಿದ್ದಳು ಆ ದಿನ.

"ಅವ್ವಾ, ಅದು ನಮ್ಮ ಕ್ಯಾಸೆಟ್ ಅಲಾ! ಏನ್ ತುಂಬಾಕತ್ತೀ ಅದರಾಗ?"

"ನಿನ್ನ ಮದಿವಿ ಸುದ್ದಿ," ಎಂದೆ.

ಅಲ್ಲಿಂದ ಮುಂದೆ ಅವಳು ಕ್ಯಾಸೆಟ್ಟಿನ ಮಾತೇ ಎತ್ತಲಿಲ್ಲ. ಬೇಡ ಎಂದು ಅತ್ತಳು. ಅಂದು ನಾನು ಏನು ಮಾಡಿದೆ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಕೈ ತೊಳೆದುಕೊಂಡು ಎದ್ದೆ, ಅವಳ ಪಕ್ಕದಲ್ಲಿ ಕುಳಿತೆ, ಕೂದಲು ಸರಿ ಮಾಡಿ ಬುದ್ಧಿ ಹೇಳಿದೆ. ಹತ್ತು ಹನ್ನೆರಡು ವರ್ಷ ನಾನು ಹಾಗೆಯೇ ನೆನೆಸಿಕೊಂಡೆ. ಟೇಪು ಬಂದ್ ಮಾಡುವುದು ಮಾತ್ರ ಮರೆತಿದ್ದೆ. ಕೊನೆಗೆ ಗುಂಡಿ ಒತ್ತಿದವಳು ಅವಳೇ. ಮಧ್ಯಾಹ್ನ ಕ್ಯಾಸೆಟ್ಟು ಹೋಯಿತು.

ಎಂಟು ಹತ್ತು ದಿನಕ್ಕೆ ತಿರುಗಿ ಬಂತು. ಮಗಳು ಬದನೆಕಾಯಿ ಹೆಚ್ಚುತ್ತಿದ್ದಳು, ಮನೆಯವರು ಗೋಡೆಗೆ ಒರಗಿದ್ದರು. ಟೇಪು ಹಚ್ಚಿದೆ. ಅವ್ವನ ದನಿ ಖುಷಿಯಾಗಿತ್ತು. ಸೀರೆ, ಕಾಲುಂಗುರ, ಯಾರು ಯಾರಿಗೆ ಹೇಳಬೇಕು, ಎಲ್ಲ ಹೇಳಿದಳು. ಕೊನೆಗೆ ಹೇಳಿದಳು:

"ಹುಡಿಗಿ ಅಳೂದು ಕೇಳಿದ್ವಿ. ಅಳ್ಲಿ ಬಿಡು. ನೀನೂ ಅತ್ತಿದ್ದಿ, ನಾನೂ ಅತ್ತಿದ್ದೆ. ಅತ್ತು ಯಾರು ಸತ್ತಾರ?"

ಅವ್ವನ ಮಾತು ಅಷ್ಟಕ್ಕೇ ಮುಗಿಯಿತು. ಅವಳ ಮಾತು ನನ್ನದಕ್ಕಿಂತ ಚಿಕ್ಕದು, ಹಾಗಾಗಿ ನಾನು ತುಂಬಿದ್ದರ ಬಾಲ ಅಳಿಯದೆ ಉಳಿದಿತ್ತು. ಟಕ್ ಎಂದಿತು, ಮಗಳ ಅಳು ಬಂತು. ಕೂಡಲೇ ಬಂದ್ ಮಾಡಿದೆ.

ಮಗಳು ಈಳಿಗೆಯಿಂದ ತಲೆ ಎತ್ತಲಿಲ್ಲ. "ಯಾಕ ಬಂದ್ ಮಾಡಿದಿ? ಊರಾಗ ಎಲ್ಲಾರೂ ಕೇಳ್ಯಾರ. ನೀನೂ ಕೇಳು," ಎಂದಳು.

ನಾನು ಕೇಳಲಿಲ್ಲ. ಆ ಬೇಸಿಗೆಯಲ್ಲಿ ಮದುವೆ ಆಯಿತು. ಹೋಗುವಾಗ ಗೆಳತಿ ಆ ಕ್ಯಾಸೆಟ್ಟನ್ನು ಅವಳ ಟ್ರಂಕಿನಲ್ಲಿ ಇಡಲು ಹೋದಳು. ಮಗಳು ತೆಗೆದು ಗೋಡೆಯ ಹಲಗೆಯ ಮೇಲೆ ಇಟ್ಟಳು. "ಅದು ಇನ್ನ ನಮ್ಮವ್ವಂದು," ಎಂದಳು. ಗೆಳತಿ, "ಮಾವಶಿ ನನ್ನ ಸೈಡು ತಿಂದ್ರು," ಎಂದು ನಗಲು ನೋಡಿದಳು, ಯಾರೂ ಜೊತೆ ಕೊಡಲಿಲ್ಲ.

ಮುಂದಿನದನ್ನು ಉದ್ದ ಮಾಡುವುದಿಲ್ಲ. ಎರಡನೆಯ ವರ್ಷ ಹೆಣ್ಣು ಕೂಸು ಹುಟ್ಟಿತು. ಕೂಸಿಗೆ ಒಂದೂವರೆ ವರ್ಷವಾದಾಗ ಮಗಳಿಗೆ ಕಾಮಣಿ ಆಯಿತು, ಕಣ್ಣು ಹಳದಿಯಾದವು. ಮದ್ದು ಕಟ್ಟಿಸಿದರು, ದವಾಖಾನೆಗೂ ಒಯ್ದರು. ಹನ್ನೊಂದು ದಿನ. ನಾನು ಬಸ್ಸಿಳಿದು ಹೋಗುವಷ್ಟರಲ್ಲಿ ಅಂಗಳದಲ್ಲಿ ಮಂದಿ ಕೂಡಿದ್ದರು. ತಮ್ಮ ವರ್ಷದ ಮೇಲೆ ಇನ್ನೊಂದು ಮದುವೆ ಮಾಡಿಕೊಂಡ, ಮಾಡಿಕೊಳ್ಳಲೇಬೇಕು, ಗಂಡಸು. ಕೂಸನ್ನು ನಾನು ಪುಣೆಗೆ ತಂದೆ.

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ಪುಣೆಯಲ್ಲಿ ತಾಯಿಗೆ ಆಯಿ. ಮೊಮ್ಮಗಳು ನನ್ನನ್ನು ಕರೆಯುವುದು ಕೇಳಿ ಶಾಲೆಯಲ್ಲಿ ನನ್ನನ್ನು ಅವಳ ತಾಯಿ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ. ಆದರೆ ಹುಡುಗಿಗೆ ಎಲ್ಲ ಗೊತ್ತಿತ್ತು. ಮದುವೆಯದೊಂದು ಫೋಟೋ ಇತ್ತು, ಬಾಸಿಂಗ ಕಟ್ಟಿದ ಮೋರೆ ಅರ್ಧವೂ ಕಾಣುವುದಿಲ್ಲ. ಅದನ್ನು ನೋಡಿ ನೋಡಿ ಕೇಳುತ್ತಿದ್ದಳು.

"ಆಯಿ, ಅವ್ವ ಹ್ಯಾಂಗ ಮಾತಾಡ್ತಿದ್ದಳು?"

"ಬಾಯಿಲೇ ಮಾತಾಡ್ತಿದ್ದಳು."

"ಹಂಗಲ್ಲ. ದನಿ ಹ್ಯಾಂಗಿತ್ತು?"

"ನೆನಪಿಲ್ಲ. ಹೋಗು, ಪಾಠ ಓದು."

ದನಿ ನನ್ನ ಟ್ರಂಕಿನಲ್ಲಿತ್ತು. ಮಗಳ ದನಿ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಆ ಕ್ಯಾಸೆಟ್ಟಿನ ಬಾಲದಲ್ಲಿ ಮಾತ್ರ ಎಂದು ನನಗೆ ಗೊತ್ತಿತ್ತು. ಅದರಲ್ಲಿ ಅವಳು ಏನು ಬೇಡ ಎನ್ನುತ್ತಿದ್ದಳೋ, ಅದರಿಂದಲೇ ಈ ಹುಡುಗಿ ಹುಟ್ಟಿದ್ದು. ಬುದ್ಧಿ ತಿಳಿದ ಮೇಲೆ ತಾಯಿಯ ಬಾಯಿಂದ ಕೂಸು ಕೇಳುವ ಮೊದಲ ಮಾತು ಅದಾಗಬೇಕೇ? ಬೇಡ ಎಂದು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟರಲ್ಲಿ ನಮ್ಮ ಟೇಪೂ ಕೆಟ್ಟಿತು, ಮನೆಯವರೂ ಹೋದರು. ನೆಪ ಇತ್ತು.

ಮಗಳ ಗೆಳತಿ ನಮ್ಮನ್ನು ಬಿಡಲಿಲ್ಲ. ಲಗ್ನವಾಗಿ ಎರಡು ಮಕ್ಕಳಾದ ಮೇಲೆ ಹಿಂಜವಾಡಿಯ ಒಂದು ಆಫೀಸಿನಲ್ಲಿ ಚಹಾ ಕಾಫಿ ಕೊಡುವ ಕೆಲಸ ಹಿಡಿದಿದ್ದಳು. ಮೊಮ್ಮಗಳಿಗೆ ಹನ್ನೊಂದು ನಡೆಯುತ್ತಿದ್ದಾಗ ಒಂದು ರವಿವಾರ ಮಧ್ಯಾಹ್ನ ಬಂದಳು, ಮೊಬೈಲು ತೆಗೆದು ನನ್ನ ಮುಂದೆ ಹಿಡಿದಳು.

"ಮಾವಶಿ, ಯಾವುದಂತ ಹೇಳ್ರಿ."

ಧಪ್ ಧಪ್ ಧಪ್ ಧಪ್. ನಾನು ಹಿಟ್ಟು ನಾದುತ್ತಿದ್ದೆ, ಕೈ ನಿಂತಿತು.

ಆಫೀಸಿನ ಒಬ್ಬ ಹುಡುಗಿ ಕಂಪ್ಯೂಟರಿನಿಂದ ತೆಗೆದು ಹಾಕಿಕೊಟ್ಟಿದ್ದಳಂತೆ. ಹಾಡಿನ ಕೆಳಗೆ ಊರೂರಿನ ಮಂದಿ ತಮ್ಮ ತಮ್ಮ ನೆನಪು ಬರೆದಿರುತ್ತಾರಂತೆ. ಅದನ್ನು ಓದಿಸಿಕೊಂಡು ಬಂದಿದ್ದಳು, ಅರ್ಧ ಮರಾಠಿಯಲ್ಲಿ ಅರ್ಧ ಕನ್ನಡದಲ್ಲಿ ನಮಗೆ ಹೇಳಿದಳು. ಎಲ್ಲಿಯೋ ಹಿಮ ಬೀಳುವ ದೇಶದಲ್ಲಿ ಒಬ್ಬ ಲಾರಿ ಓಡಿಸುವವನು, ಅವನೂ ಅವನ ಅಣ್ಣನೂ ಈ ಕ್ಯಾಸೆಟ್ಟು ಸವೆಯುವ ತನಕ ಕೇಳಿದರಂತೆ, ಈಗ ಅಣ್ಣ ಇಲ್ಲ. ಒಬ್ಬಳು ಈ ಹಾಡಿಗೆ ಕುಣಿಯುವಾಗಲೇ ಗಂಡನನ್ನು ಮೊದಲು ಕಂಡಳಂತೆ, ಆತ ಈಗ ಹಾಸಿಗೆ ಹಿಡಿದು ಇವಳ ಗುರುತೇ ಮರೆತಿದ್ದಾನೆ, ಹಾಡು ಹಚ್ಚಿದರೆ ಮಾತ್ರ ಬೆರಳು ಆಡಿಸುತ್ತಾನೆ. ಇನ್ನೊಬ್ಬ ಬರೀ ತನ್ನ ಊರಿನ ಹೆಸರು ಬರೆದು, ಆಗ ನಾವು ಐದು ಮಂದಿ ಇದ್ದೆವು ಎಂದಿದ್ದಾನೆ.

"ಇವು ಕುಣಿಯೋ ಹಾಡಲ್ಲೇನ? ಎಲ್ಲಾರೂ ಸತ್ತವರ ಸುದ್ದಿನೇ ಬರದಾರಲ್ಲ," ಎಂದೆ.

"ಆಗ ಕುಣಿದವರು ಅವರೇ ಅಲ್ಲೇನ್ರಿ ಮಾವಶಿ," ಎಂದಳು. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ನಿಮ್ಮವ್ವನೂ ನಾನೂ ಇಲ್ಲೇ ಕುಣೀತಿದ್ವಿ. ನಮ್ಮದೂ ಒಂದು ಕ್ಯಾಸೆಟ್ ಇತ್ತು. ನಿಮ್ಮ ಆಯಿ ನನ್ನ ಸೈಡಿನ ಮ್ಯಾಲ ತನ್ನ ಪುರಾಣ ತುಂಬಿ ಊರಿಗೆ ಕಳಿಸಿದ್ರು. ನಿಮ್ಮವ್ವ ಎಷ್ಟು ಅತ್ತಿದ್ದಳು. ಅದೂ ಅದರಾಗೇ ಕೂತಿತ್ತಂತ," ಎಂದಳು.

ಅವಳು ನಗಿಸಲು ಹೇಳಿದ್ದು. ಮೊಮ್ಮಗಳು ನಗಲಿಲ್ಲ. ನನ್ನ ಕಡೆ ನೋಡಿದಳು.

"ಅವ್ವನ ದನಿ ಅದ?"

ಮತ್ತೆ ಹಿಟ್ಟು ನಾದತೊಡಗಿದೆ.

"ಆಯಿ, ಅದ ಏನ್ ಇಲ್ಲ? ಅಷ್ಟ ಹೇಳು."

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳ ಕಣ್ಣು ನೋಡಿ ಆಗಲಿಲ್ಲ. ಎದ್ದು ಟ್ರಂಕು ತೆಗೆದೆ. ಕ್ಯಾಸೆಟ್ಟಿನ ಬೆನ್ನಿಗೆ ಎರಡು ತೂತಿನಲ್ಲೂ ಹಿಟ್ಟು ಹಾಗೆಯೇ ಇತ್ತು, ಕಲ್ಲಾಗಿತ್ತು. ಗೆಳತಿ ತನ್ನ ಅತ್ತೆಯ ಮನೆಗೆ ಹೋಗಿ, ಅವರು ಭಜನೆ ಕೇಳುವ ಟೇಪನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು.

ಬಿ ಸೈಡು ಹಾಕಿದೆವು. ಮೊದಲು ನನ್ನ ಅವ್ವ, ಅವಳೂ ಸತ್ತು ಆರು ವರ್ಷ. ಸೀರೆ, ಕಾಲುಂಗುರ. ಅತ್ತು ಯಾರು ಸತ್ತಾರ. ಟಕ್.

"ಒಂದ ವರ್ಷ ಅವ್ವಾ. ಒಂದ ವರ್ಷ ತಡಿ. ಮುಂದಿನ ವರ್ಷ ನನ್ನ ಹೊಲಿಯೋ ಮಷಿನ್ ಮ್ಯಾಲ ಕೂಡಸ್ತಾರ. ಅವರೇ ಹೇಳ್ಯಾರ. ಮಾಮಾಗ ನಾ ಒಲ್ಲೆ ಅಂತ ಹೇಳಾಕತ್ತಿಲ್ಲ. ಈಗ ಬ್ಯಾಡ. ಅವ್ವಾ, ಈ ಕಡೆ ನೋಡ. ಅವ್ವಾ."

ನಡುವೆ ನನ್ನ ದನಿ: "ಉಂಡು ಕೆಲಸಕ್ಕ ಹೋಗು."

ಮತ್ತೆ ಟಕ್. ಅಲ್ಲಿಂದ ಹಾಡು, ನಡುವಿನಿಂದ.

ಮೊಮ್ಮಗಳು ಗುಂಡಿ ಒತ್ತಿ ಹಿಂದಕ್ಕೆ ಸುತ್ತಿದಳು. ಎರಡನೆಯ ಸಲ ಕೇಳಿದಳು. "ನನ್ನಂಗ ಮಾತಾಡ್ತಾಳ," ಎಂದಳು. ಗೆಳತಿ ಗೋಡೆಯ ಕಡೆ ಮೋರೆ ಮಾಡಿ ಕುಳಿತಿದ್ದಳು.

"ಏನ್ ಬ್ಯಾಡ ಅಂತಾಳ ಆಯಿ?"

"ಮದಿವಿ. ನಿಮ್ಮಪ್ಪನ ಕೂಡ."

"ಆಕಿ ಒಂದ ವರ್ಷ ಅಂದಳಲ್ಲ. ನೀ ಯಾಕ ತಡೀಲಿಲ್ಲ?"

"ಕೇಳಿಸ್ಕೊಳ್ಳಲಿಲ್ಲ."

ಹುಡುಗಿ ಬೈಯಲಿಲ್ಲ, ಅಳಲಿಲ್ಲ. ಮೂರನೆಯ ಸಲ ಹಚ್ಚಿದಳು, ಈ ಸಲ ಗೆಳತಿ ಮೊಬೈಲನ್ನು ಟೇಪಿಗೆ ಹತ್ತಿಸಿ ಹಿಡಿದು ದನಿ ಅದರಲ್ಲಿ ತುಂಬಿಕೊಂಡಳು. ಮೊಮ್ಮಗಳು ಕಿವಿ ಇಟ್ಟು ಕೇಳುತ್ತಾ ಕೇಳುತ್ತಾ ಹುಬ್ಬು ಗಂಟು ಹಾಕಿದಳು.

"ಅವ್ವ ಮಾತಾಡೂವಾಗ ಹಿಂದ ಒಂದು ಸಪ್ಪಳ ಬರ್ತದ. ಹಾಡೇನ ಅದು?"

ಮೊದಲೆರಡು ಸಲ ನಾನೂ ಹಾಡೇ ಎಂದುಕೊಂಡಿದ್ದೆ. ಹಳೆಯದು ಪೂರ್ತಿ ಅಳಿಯದೆ ಕೆಳಗೆ ಉಳಿದಿದೆ ಎಂದುಕೊಂಡಿದ್ದೆ. ಈಗ ಕೇಳಿದೆ. ಒಂದೇ ಸಮ ಪೆಟ್ಟು, ಒಮ್ಮೆ ನಿಲ್ಲುತ್ತದೆ, ರೊಟ್ಟಿ ಹಂಚಿಗೆ ಹಾಕುವಷ್ಟು ಹೊತ್ತು, ಮತ್ತೆ ಶುರು. ಅವಳು "ಈ ಕಡೆ ನೋಡ" ಅನ್ನುವಾಗಲೂ ಅದು ನಿಂತಿಲ್ಲ.

ನಾನು ಕೈ ತೊಳೆದುಕೊಂಡಿರಲಿಲ್ಲ. ಪಕ್ಕದಲ್ಲಿ ಕುಳಿತಿರಲಿಲ್ಲ. ಕೂದಲು ಸರಿ ಮಾಡಿರಲಿಲ್ಲ. ಅದೆಲ್ಲ ನಾನು ಆಮೇಲೆ ಕೂಡಿಸಿಕೊಂಡದ್ದು.

"ಹಾಡಲ್ಲ," ಎಂದೆ. "ನಾನು. ರೊಟ್ಟಿ ಬಡಿಯಾಕತ್ತಿದ್ದೆ."

ಮೊಮ್ಮಗಳು ನನ್ನ ಕೈ ನೋಡಿದಳು. ಬೆರಳ ಸಂದಿಯಲ್ಲಿ ಹಿಟ್ಟು ಒಣಗಿತ್ತು. ಅವಳು ಗುಂಡಿ ಒತ್ತಿ ಮತ್ತೆ ಹಿಂದಕ್ಕೆ ಸುತ್ತಿದಳು.